ಫ್ಲೈಯಿಂಗ್ ವಿಂಗ್ ಪ್ರಾಜೆಕ್ಟ್: ಟ್ರಾನ್ಸ್‌ಮಿಟರ್ ಸೆಟಪ್ ಮುಗಿಯಿತು

ರೇಡಿಯೋದಿಂದ ಹಾರಿಸುವ, ಬಾಲವಿಲ್ಲದ, ಬರೀ ರೆಕ್ಕೆಯಂತಿರುವ ಮಾದರಿ ವಿಮಾನ ಇದು. ಫೋಮ್ ಕೆಲಸ ಎಲ್ಲಾ ಆಗಿದೆ. ರೆಕ್ಕೆಯ ಎರಡು ಭಾಗ ಅಂಟಿಕೊಂಡಿವೆ, ಎರಡು ಸರ್ವೋ (ರೆಕ್ಕೆಯ ಅಲುಗುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟರ್‌ಗಳು) ಜಾಗದಲ್ಲಿ ಕೂತಿವೆ, ಹಿಂದೆ ಮೋಟರ್ ಬಿಗಿಯಾಗಿದೆ. ಈ ಸಲ ಪೂರ್ತಿ ಗಮನ ಟ್ರಾನ್ಸ್‌ಮಿಟರ್, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೋ ಮೇಲೆ.

ನನ್ನ ರೇಡಿಯೋದಲ್ಲಿ ಇರುವುದು ಎಡ್ಜ್‌ಟಿಎಕ್ಸ್ ಸಾಫ್ಟ್‌ವೇರ್. ಮೆನು ತೆರೆದರೆ ಟ್ರಿಮ್, ಸಬ್‌ಟ್ರಿಮ್, ಎಂಡ್ ಪಾಯಿಂಟ್, ರೇಟ್, ಎಕ್ಸ್‌ಪೋ, ಮಿಕ್ಸ್ ಅಂತ ಪದಗಳ ಸಾಲೇ ಬರುತ್ತದೆ. ಒಂದೊಂದನ್ನೂ ಬಾಯಿಪಾಠ ಮಾಡುವುದರಿಂದ ಹೆಚ್ಚು ಉಪಯೋಗ ಇಲ್ಲ. ನನಗೆ ದಾರಿ ತೋರಿಸಿದ್ದು ಒಂದೇ ಪ್ರಶ್ನೆ: ಇದು ಬೆರಳಿನ ಕಡೆಯದ್ದಾ, ಸರ್ವೋ ಕಡೆಯದ್ದಾ? ರೇಟ್ (ಸ್ಟಿಕ್‌ಗೆ ಒಟ್ಟು ಎಷ್ಟು ಚಲನೆ) ಮತ್ತು ಎಕ್ಸ್‌ಪೋ (ಸ್ಟಿಕ್‌ನ ನಡುಭಾಗವನ್ನು ಮೆತ್ತಗೆ ಮಾಡುವುದು) ಬೆರಳಿನ ಕಡೆಯವು. ರಿವರ್ಸ್ (ದಿಕ್ಕು ಬದಲಿಸುವುದು), ಸಬ್‌ಟ್ರಿಮ್ (ನಡುವನ್ನು ಸ್ವಲ್ಪ ಸರಿಸುವುದು), ಎಂಡ್ ಪಾಯಿಂಟ್ (ಚಲನೆಯ ಕೊನೆಯ ಮಿತಿ) ಸರ್ವೋ ಕಡೆಯವು. ಎರಡರ ನಡುವೆ ಮಿಕ್ಸ್, ಅಂದರೆ ಸ್ಟಿಕ್‌ನ ಆಜ್ಞೆಗಳನ್ನು ಬೆರೆಸಿ ಸರ್ವೋಗೆ ಕಳಿಸುವುದು. ಎಡ್ಜ್‌ಟಿಎಕ್ಸ್‌ನ ಇನ್‌ಪುಟ್ಸ್, ಮಿಕ್ಸಸ್, ಔಟ್‌ಪುಟ್ಸ್ ಪುಟಗಳು ಇರುವುದೂ ಇದೇ ಕ್ರಮದಲ್ಲಿ. ಬೇರೆ ಬ್ರ್ಯಾಂಡ್‌ಗಳಲ್ಲಿ ಪುಟಗಳ ಹೆಸರು ಬೇರೆ ಇರಬಹುದು, ಆದರೆ ಒಳಗಿನ ಲೆಕ್ಕ ಇದೇ.

ಬೈಂಡ್ ಮಾಡುವ, ಅಂದರೆ ವಿಮಾನದೊಳಗಿನ ರಿಸೀವರ್ ಅನ್ನು ಟ್ರಾನ್ಸ್‌ಮಿಟರ್‌ಗೆ ಜೋಡಿ ಮಾಡುವ ಕೆಲಸ ಬೇಗ ಮುಗಿಯಿತು. ಈ ರಿಸೀವರ್ ಇನ್ನು ಈ ಟ್ರಾನ್ಸ್‌ಮಿಟರ್‌ನ ಮಾತು ಮಾತ್ರ ಕೇಳುತ್ತದೆ. ಹಿಂದೆ 72 ಅಥವಾ 35 ಮೆಗಾಹರ್ಟ್ಸ್ ರೇಡಿಯೋಗಳ ಕಾಲದಲ್ಲಿ ಒಂದು ಫ್ರೀಕ್ವೆನ್ಸಿಯಲ್ಲಿ ಒಬ್ಬರೇ ಹಾರಿಸಬೇಕಿತ್ತು. ಇನ್ನೊಬ್ಬರು ಅದೇ ಫ್ರೀಕ್ವೆನ್ಸಿಯ ರೇಡಿಯೋ ಆನ್ ಮಾಡಿದರೆ ವಿಮಾನ ಕೈ ತಪ್ಪುತ್ತಿತ್ತು. 2.4 ಗಿಗಾಹರ್ಟ್ಸ್ ಬಂದ ಮೇಲೆ ಆ ತಲೆನೋವು ಹೋಯಿತು.

ಇನ್ನು ಸರ್ವೋ ಕಡೆ. ನಾನು ಶುರು ಮಾಡಿದ್ದು ಇಲ್ಲಿಂದಲೇ, ಕೊನೆಯಿಂದ ಹಿಂದಕ್ಕೆ. ಸರ್ವೋಗೆ ಹೋಗುವುದು ಒಂದು ಪಲ್ಸ್. ಅದರ ಉದ್ದ 1500 ಮೈಕ್ರೋಸೆಕೆಂಡ್ ಇದ್ದರೆ ತೋಳು ನಡುವೆ ನಿಲ್ಲುತ್ತದೆ. ಎಡ್ಜ್‌ಟಿಎಕ್ಸ್‌ನಲ್ಲಿ ಮೈನಸ್ 100 ಅಂದರೆ 988, ಪ್ಲಸ್ 100 ಅಂದರೆ 2012. ಕೆಲವು ಬ್ರ್ಯಾಂಡ್‌ಗಳಲ್ಲಿ ಅದೇ 100 ಅಂದರೆ ಸುಮಾರು 1100ರಿಂದ 1900. ಹಾಗಾಗಿ ಬೇರೆಯವರ ಸೆಟಪ್‌ನಿಂದ ಶೇಕಡಾ ಲೆಕ್ಕ ಸುಮ್ನೆ ನಕಲು ಮಾಡಿದರೆ ಆಗಲ್ಲ. ಎಲೆವಾನ್ (ರೆಕ್ಕೆಯ ಹಿಂಬದಿಯ ಅಲುಗುವ ಪಟ್ಟಿ) ಎಷ್ಟು ಮಿಲಿಮೀಟರ್ ಏಳುತ್ತದೆ ಎಂದು ಸ್ಕೇಲ್ ಹಿಡಿದು ಅಳೆಯಬೇಕು.

ಸಬ್‌ಟ್ರಿಮ್ ಮುಟ್ಟುವ ಮೊದಲು ತೋಳು ಬಿಚ್ಚಿ, ನಡುವಿಗೆ ಹತ್ತಿರದ ಹಲ್ಲಿಗೆ ಕೂರಿಸಿದೆ. 25 ಹಲ್ಲಿನ ಶಾಫ್ಟ್ ಆದರೆ ಒಂದು ಹಲ್ಲಿಗೆ 14.4 ಡಿಗ್ರಿ. ಅಂದರೆ ಸರಿಯಾದ ಹಲ್ಲು ಆರಿಸಿಕೊಂಡರೆ ಉಳಿಯುವ ವ್ಯತ್ಯಾಸ ಜಾಸ್ತಿ ಅಂದರೆ 7.2 ಡಿಗ್ರಿ. ಸಬ್‌ಟ್ರಿಮ್ ಇರುವುದು ಅಷ್ಟಕ್ಕೆ. ಅದನ್ನೇ ದೊಡ್ಡದಾಗಿ ಹಾಕಿದರೆ ನಡು ಸರಿಯುತ್ತದೆ, ತುದಿಗಳು ಇದ್ದಲ್ಲೇ ಇರುತ್ತವೆ. ಆಗ ಒಂದು ಕಡೆ ಓಟ (ಚಲಿಸುವ ದೂರ) ಹೆಚ್ಚು, ಇನ್ನೊಂದು ಕಡೆ ಕಡಿಮೆ. ಫ್ಲೈಯಿಂಗ್ ವಿಂಗ್‌ಗೆ ನ್ಯೂಟ್ರಲ್‌ನಲ್ಲೇ ಎರಡೂ ಎಲೆವಾನ್ ಸ್ವಲ್ಪ ಮೇಲೆ ಇರಬೇಕಲ್ವಾ, ಅದನ್ನೂ ಪುಶ್‌ರಾಡ್ (ಸರ್ವೋ ತೋಳನ್ನು ಎಲೆವಾನ್‌ಗೆ ಜೋಡಿಸುವ ಕಡ್ಡಿ) ಉದ್ದದಲ್ಲೇ ಹೊಂದಿಸಿದೆ, ರೇಡಿಯೋದಲ್ಲಿ ಅಲ್ಲ.

ಎಂಡ್ ಪಾಯಿಂಟ್ ಕೂಡ ಹಾಗೆಯೇ. ಮೊದಲ ಅಳತೆಯಲ್ಲಿ ಓಟ ಜಾಸ್ತಿ ಬಂತು. 50ಕ್ಕೆ ಇಳಿಸಬಹುದಿತ್ತು. ಆದರೆ ಆಗ ಸರ್ವೋ ತನ್ನ ಓಟದ ಅರ್ಧವನ್ನಷ್ಟೇ ಬಳಸುತ್ತದೆ, ಚಲನೆಯ ನಯ ಕಡಿಮೆಯಾಗುತ್ತದೆ. ಅದರ ಬದಲು ಪುಶ್‌ರಾಡ್ ಅನ್ನು ಸರ್ವೋ ತೋಳಿನ ಒಳಗಿನ ತೂತಿಗೆ, ಎಲೆವಾನ್ ಹಾರ್ನ್‌ನ (ಎಲೆವಾನ್ ಮೇಲಿನ ಚಿಕ್ಕ ಕೊಂಬಿನ) ಹೊರಗಿನ ತೂತಿಗೆ ಹಾಕಿದೆ. ಓಟ ಇಳಿಯಿತು, ಸರ್ವೋದ ಬಲ ಪೂರ್ತಿ ಸಿಕ್ಕಿತು. ಈಗ ಎಂಡ್ ಪಾಯಿಂಟ್‌ನ ಕೆಲಸ ಎರಡೂ ಕಡೆ ಸಮ ಮಾಡುವುದು, ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳುವುದು ಮಾತ್ರ.

ಮಿಕ್ಸ್ ಈ ಪ್ರಾಜೆಕ್ಟ್‌ನ ಅತಿ ರುಚಿಯಾದ ಭಾಗ. ಬಾಲವಿಲ್ಲದ ವಿಮಾನದಲ್ಲಿ ಎರಡು ಎಲೆವಾನ್‌ಗಳೇ ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡುವುದು), ಅವೇ ಏಲೆರಾನ್ (ಬದಿಗೆ ವಾಲಿಸುವುದು). ಒಂದು ಚಾನೆಲ್‌ಗೆ ಎಲಿವೇಟರ್ ಮತ್ತು ಏಲೆರಾನ್ ಕೂಡಬೇಕು, ಇನ್ನೊಂದರಲ್ಲಿ ಎಲಿವೇಟರ್‌ನಿಂದ ಏಲೆರಾನ್ ಕಳೆಯಬೇಕು. ಎರಡಕ್ಕೂ 100 ಕೊಟ್ಟರೆ, ಸ್ಟಿಕ್ ಮೂಲೆಗೆ ಹೋದಾಗ ಮೊತ್ತ 200 ಆಗುತ್ತದೆ. ಸರ್ವೋ 100ರಲ್ಲೇ ನಿಲ್ಲುತ್ತದೆ. ಪೂರ್ತಿ ಎಳೆದು ಹಿಡಿದಿರುವಾಗ ಒಂದು ಬದಿಗೆ ವಾಲಿಸಲು ಹೋದರೆ ಒಂದು ಎಲೆವಾನ್ ಅಲುಗುವುದೇ ಇಲ್ಲ. ಅದಕ್ಕೇ ಏಲೆರಾನ್‌ಗೆ 60, ಎಲಿವೇಟರ್‌ಗೆ 40 ಇಟ್ಟಿದ್ದೇನೆ. ಮೂಲೆಯಲ್ಲೂ ಮೊತ್ತ 100 ದಾಟಲ್ಲ.

ದಿಕ್ಕು ನೋಡುವಾಗ ಒಂದು ಕ್ರಮ ಬೇಕು. ಮೊದಲು ಎಲಿವೇಟರ್: ಸ್ಟಿಕ್ ನಮ್ಮ ಕಡೆ ಎಳೆದರೆ ಎರಡೂ ಮೇಲೇಳಬೇಕು. ಏಳದ್ದನ್ನು ಔಟ್‌ಪುಟ್‌ನಲ್ಲಿ ರಿವರ್ಸ್ ಮಾಡಬೇಕು. ಆಮೇಲೆ ಏಲೆರಾನ್: ಬಲಕ್ಕೆ ತಳ್ಳಿದರೆ ಬಲದ್ದು ಮೇಲೆ, ಎಡದ್ದು ಕೆಳಗೆ. ಇದು ತಿರುಗುಮುರುಗಾದರೆ ಔಟ್‌ಪುಟ್ ಮುಟ್ಟಬಾರದು, ಮಿಕ್ಸ್‌ನಲ್ಲಿ ಏಲೆರಾನ್‌ನ ಚಿಹ್ನೆ ಬದಲಿಸಬೇಕು. ಈ ಕ್ರಮ ಬಿಟ್ಟರೆ ಒಂದು ಸರಿಯಾದಾಗ ಇನ್ನೊಂದು ಕೆಡುತ್ತಲೇ ಇರುತ್ತದೆ.

ಇನ್ನು ಬೆರಳಿನ ಕಡೆ. ಡ್ಯುಯಲ್ ರೇಟ್ (ಸ್ವಿಚ್‌ನಲ್ಲಿ ಬದಲಿಸುವ ಎರಡು ರೇಟ್), ಎಕ್ಸ್‌ಪೋ ಎರಡೂ ವಿಮಾನವನ್ನು ಮೆತ್ತಗೆ ಮಾಡುತ್ತವೆ ಎನ್ನುತ್ತಾರೆ. ಆದರೆ ಎರಡೂ ಒಂದೇ ಅಲ್ಲ. ಅರ್ಧ ಸ್ಟಿಕ್‌ನಲ್ಲಿ 70ರ ರೇಟ್ ಕೊಡುವುದು 35. 30ರ ಎಕ್ಸ್‌ಪೋ ಕೊಡುವುದು ಸುಮಾರು 39. ಹತ್ತಿರ ಹತ್ತಿರ ಇವೆ. ಪೂರ್ತಿ ಸ್ಟಿಕ್‌ನಲ್ಲಿ ನೋಡಿ: ರೇಟ್ 70ಕ್ಕೇ ನಿಲ್ಲುತ್ತದೆ, ಎಕ್ಸ್‌ಪೋ 100 ಕೊಡುತ್ತದೆ. ನಡುವೆ ನಯ ಬೇಕು, ತುದಿಯಲ್ಲಿ ಬಲವೂ ಬೇಕು ಅಂದರೆ ಎಕ್ಸ್‌ಪೋ. ವಿಮಾನದ ಗುಣ ಇನ್ನೂ ಗೊತ್ತಿಲ್ಲದಾಗ ರೇಟ್ ಕಡಿಮೆ ಇರುವ ಸ್ವಿಚ್ ಒಂದು ಇದ್ದೇ ಇರಲಿ. ಚಿಹ್ನೆಯ ಬಗ್ಗೆ ಹುಷಾರು: ಎಡ್ಜ್‌ಟಿಎಕ್ಸ್ ಮತ್ತು ಸ್ಪೆಕ್ಟ್ರಮ್‌ನಲ್ಲಿ ಪ್ಲಸ್ ಎಕ್ಸ್‌ಪೋ ನಡುವನ್ನು ಮೆತ್ತಗೆ ಮಾಡುತ್ತದೆ, ಫುಟಾಬಾದಲ್ಲಿ ಮೈನಸ್. ಉಲ್ಟಾ ಹಾಕಿದರೆ ಬೆರಳು ತಾಗಿದರೂ ವಿಮಾನ ಜಿಗಿಯುತ್ತದೆ.

ಕೊನೆಗೆ ಫೇಲ್‌ಸೇಫ್. ಸಿಗ್ನಲ್ ಹೋದಾಗ ರಿಸೀವರ್ ಏನು ಮಾಡಬೇಕು ಅನ್ನುವುದು. 'ಹೋಲ್ಡ್' ಇಟ್ಟರೆ ಕೊನೆಯ ಆಜ್ಞೆಯೇ ಮುಂದುವರಿಯುತ್ತದೆ, ಅಂದರೆ ಮೋಟರ್ ಓಡುತ್ತಲೇ ಇರುತ್ತದೆ. ಇದು ಯಾವ ವಿಮಾನಕ್ಕೂ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ಥ್ರಾಟಲ್ ಮೈನಸ್ 100ಕ್ಕೆ ಇಟ್ಟು, ಪ್ರೊಪೆಲರ್ ಬಿಚ್ಚಿ, ಮೋಟರ್ ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿದೆ. ಮೋಟರ್ ನಿಂತಿತು. ಥ್ರಾಟಲ್ ಕಟ್‌ಗೆ, ಅಂದರೆ ಮೋಟರ್ ಓಡದಂತೆ ತಡೆಯಲು, ಬೇರೆ ಸ್ವಿಚ್ ಇದೆ. ಬ್ಯಾಟರಿ ಜೋಡಿಸುವಾಗ ಅದು ಆನ್ ಇರಲೇಬೇಕು.

ಉಳಿದದ್ದು ರೇಂಜ್ ಚೆಕ್ (ಸಿಗ್ನಲ್ ದೂರಕ್ಕೂ ತಲುಪುತ್ತದೆಯೇ ಎಂದು ನೋಡುವುದು), ಆಮೇಲೆ ಗಾಳಿ ಕಡಿಮೆ ಇರುವ ಹೊತ್ತಿಗೆ ಮೊದಲ ಹಾರಾಟ. ಟ್ರಿಮ್ ಬಟನ್‌ಗಳನ್ನು ಈಗ ಸೊನ್ನೆಯಲ್ಲೇ ಬಿಟ್ಟಿದ್ದೇನೆ. ಅವು ಗಾಳಿಯಲ್ಲಿ ಸರಿಪಡಿಸಲು ಇರುವುದು. ಇಳಿಸಿದ ಮೇಲೆ ಟ್ರಿಮ್ ಎಷ್ಟು ಸರಿದಿದೆ ನೋಡಿ, ಅಷ್ಟನ್ನು ಪುಶ್‌ರಾಡ್‌ಗೆ ವರ್ಗಾಯಿಸಿ ಮತ್ತೆ ಸೊನ್ನೆಗೆ ತರುತ್ತೇನೆ.