ಮಣ್ಣಿಗೆ ಹೋಗುವವರೆಲ್ಲ ನೋಡಬೇಕಾದ ಜಪಾನಿ ಸಿನಿಮಾ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಮಣ್ಣಿಗೆ (ಶವಸಂಸ್ಕಾರಕ್ಕೆ) ಹೋಗಿ ಬಂದವರು ವಿಮಾನ, ಅಂದರೆ ಹೆಣ ಒಯ್ಯುವ ಸಿಂಗರಿಸಿದ ಚಟ್ಟ, ಹೇಗೆ ಕಟ್ಟಿದ್ದರು, ಜನ ಎಷ್ಟು ಸೇರಿದ್ದರು ಎಂದು ಮಾತಾಡುತ್ತಾರೆ. ಹೆಣಕ್ಕೆ ಸ್ನಾನ ಮಾಡಿಸಿದವರು ಯಾರು, ಬಾಯಿ ಮುಚ್ಚಿಸಿ ಕೂರಿಸಿದವರು ಯಾರು ಎನ್ನುವ ಮಾತು ಬರುವುದೇ ಇಲ್ಲ. ಆ ಕೈಗಳ ಕೆಲಸವನ್ನೇ ಎರಡು ಗಂಟೆಗೂ ಹೆಚ್ಚು ಹೊತ್ತು ಕಣ್ಣಮುಂದೆ ಇಡುವ ಸಿನಿಮಾ ‘ಒಕುರಿಬಿಟೊ’. ಬೇರೆ ದೇಶಗಳಲ್ಲಿ ‘ಡಿಪಾರ್ಚರ್ಸ್’ ಎಂದು ಬಂತು. 2008ರದ್ದು, ನಿರ್ದೇಶಕ ಯೊಜಿರೊ ತಕಿತಾ. 2009ರಲ್ಲಿ ವಿದೇಶಿ ಭಾಷಾ ಚಿತ್ರಕ್ಕೆ ಕೊಡುವ ಆಸ್ಕರ್ ಇದಕ್ಕೇ ಸಿಕ್ಕಿತು.

ಕಥೆ ಸರಳ. ಟೋಕಿಯೊದ ವಾದ್ಯವೃಂದ ಮುಚ್ಚಿಹೋಗಿ ಕೆಲಸ ಕಳೆದುಕೊಂಡ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕ ದೈಗೊ ಹೆಂಡತಿಯ ಜೊತೆ ಯಮಗಾತಾ ಸೀಮೆಯ ತನ್ನೂರಿಗೆ ಮರಳುತ್ತಾನೆ. ಅಲ್ಲಿ ಸಿಗುವುದು ಹೆಣವನ್ನು ಒರೆಸಿ, ಉಡಿಸಿ, ಸಿಂಗರಿಸಿ ಪೆಟ್ಟಿಗೆಯಲ್ಲಿ ಇಡುವ ಕೆಲಸ. ದೈಗೊ ಪಾತ್ರ ಮಾಡಿರುವ ಮಸಾಹಿರೊ ಮೊಟೊಕಿಯೇ ಈ ಚಿತ್ರದ ಮೂಲ ಪ್ರೇರಣೆ: ಯೌವನದಲ್ಲಿ ಕಾಶಿಗೆ ಬಂದು ಗಂಗೆಯ ದಡದ ಅಂತ್ಯಕ್ರಿಯೆ ಕಂಡಿದ್ದು ಅವರ ಮನಸ್ಸಲ್ಲಿ ಉಳಿದಿತ್ತು. ಚಿತ್ರಕ್ಕಾಗಿ ಅವರು ಈ ಕಸುಬನ್ನೂ ಚೆಲ್ಲೊವನ್ನೂ ಕಲಿತರು. ಕಲಿತದ್ದು ಅವರ ಬೆರಳುಗಳಲ್ಲಿ ಕಾಣುತ್ತದೆ.

ಆ ಬೆರಳುಗಳನ್ನೇ ಗಮನಿಸಿ ನೋಡಿ. ಮನೆಯವರು ಎದುರಿಗೇ ಕೂತಿರುತ್ತಾರೆ. ಹೆಣದ ಮೇಲಿನ ಹೊದಿಕೆ ಒಮ್ಮೆಯೂ ಪೂರ್ತಿ ಸರಿಯುವುದಿಲ್ಲ. ಒರೆಸುವುದು, ಹಳೇ ಬಟ್ಟೆ ತೆಗೆಯುವುದು, ಕಿಮೊನೊ ತೊಡಿಸುವುದು ಎಲ್ಲವೂ ಹೊದಿಕೆಯ ಕೆಳಗೇ ನಡೆಯುತ್ತದೆ; ಮೈ ಯಾರ ಕಣ್ಣಿಗೂ ಬೀಳದು. ಬದುಕಿದ್ದವರು ಕಿಮೊನೊದ ಎಡ ಅಂಚನ್ನು ಮೇಲೆ ಹಾಕಿಕೊಂಡರೆ ಸತ್ತವರಿಗೆ ಬಲ ಅಂಚು ಮೇಲೆ. ಮುಖ ಕ್ಷೌರ ಮಾಡಿ, ಬಣ್ಣ ಹಚ್ಚಿ, ಕೊನೆಗೆ ಕೈ ಜೋಡಿಸಿ ಜಪಮಾಲೆ ಸುತ್ತುತ್ತಾರೆ. ಒಂದು ಮನೆಯಲ್ಲಿ ದೈಗೊನ ಯಜಮಾನ, ಹಿರಿಯ ಸಸಾಕಿ (ತ್ಸುತೊಮು ಯಮಝಾಕಿ) ಸತ್ತ ಹೆಂಗಸು ಬಳಸುತ್ತಿದ್ದ ಲಿಪ್‌ಸ್ಟಿಕ್ಕನ್ನೇ ಕೇಳಿ ತರಿಸುತ್ತಾನೆ. ತಡವಾಗಿ ಬಂದರೆಂದು ಅದುವರೆಗೆ ರೇಗುತ್ತಿದ್ದ ಗಂಡ ಆ ಮುಖ ನೋಡಿ ಕರಗುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತಿ ಮುಖ್ಯವಾದ ಕೆಲವು ನಿಮಿಷಗಳು ಇವು.

ಈ ಕಸುಬು ಸೆಟೆತದ, ಅಂದರೆ ಸತ್ತ ಮೇಲೆ ಮೈ ಬಿಗಿಯುವುದರ, ಜೊತೆಗಿನ ಕಸುಬು. ಸಾವಾದ ಎರಡು ಮೂರು ಗಂಟೆಯಲ್ಲಿ ರೆಪ್ಪೆ, ದವಡೆ, ಕುತ್ತಿಗೆ ಬಿಗಿಯಲು ಶುರು. ಸುಮಾರು 12 ಗಂಟೆಗೆ ಮೈಯೆಲ್ಲ ಸೆಟೆಯುತ್ತದೆ, ಇನ್ನೊಂದು 12 ಗಂಟೆ ಹಾಗೇ ಇದ್ದು ಆಮೇಲೆ ಸಡಿಲವಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಎಲ್ಲವೂ ಬೇಗ. ಫ್ರೀಜರ್ ಬಾಕ್ಸಿನಲ್ಲಿಟ್ಟರೆ ಸೆಟೆತ ಬಹಳ ಹೊತ್ತು ಉಳಿಯುತ್ತದೆ. ಲಿಂಗಾಯತರ ಮನೆಗಳಲ್ಲಿ ತೊಂದರೆ ಆಗುವುದು ಇಲ್ಲೇ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಪೂಜೆಗೆ ಕೂತ ಹಾಗೆ ಕಾಲು ಮಡಚಿ ಕೂರಿಸಿ ಸಮಾಧಿ ಮಾಡಬೇಕು. ಬೆಂಗಳೂರಿಂದ ಮಗ ಬರಲಿ ಎಂದು ರಾತ್ರಿಯಿಡೀ ಉದ್ದಕ್ಕೆ ಮಲಗಿಸಿಟ್ಟು ಬೆಳಿಗ್ಗೆ ಮಂಡಿ ಮಡಚಲು ಹೋದರೆ ಆಗುವುದಿಲ್ಲ. ಜೋರು ಮಾಡಿದರೆ ಚರ್ಮ ಕಿತ್ತು ಬರುತ್ತದೆ, ವಯಸ್ಸಾದವರ ಮೂಳೆ ಮುರಿಯಲೂಬಹುದು. ಒಂದೊಂದೇ ಕೀಲನ್ನು ಹಿಡಿದು, ಉಜ್ಜಿ, ನಿಧಾನವಾಗಿ ಬಾಗಿಸಬೇಕು. ದೈಗೊ ಬೆರಳು, ಮಣಿಕಟ್ಟುಗಳನ್ನು ಸಡಿಲಿಸುವುದೂ ಹೀಗೆಯೇ.

ಮಡಚಿ ಕೂರಿಸುವುದನ್ನು ಮೊದಲ ಗಂಟೆಯಲ್ಲೇ ಮಾಡಿಬಿಟ್ಟರೆ ಈ ಪಾಡು ಇಲ್ಲ. ಕಟ್ಟುಹಲ್ಲು ತೆಗೆದಿದ್ದರೆ ಆಗಲೇ ಹಾಕಿ, ದವಡೆ ಬಿಗಿದ ಮೇಲೆ ಅದು ಕೂರದು. ಗದ್ದದ ಕೆಳಗೆ ಸುತ್ತಿದ ಟವೆಲ್ ಇಟ್ಟರೆ ಬಾಯಿ ಮುಚ್ಚಿಕೊಂಡಿರುತ್ತದೆ. ಗದ್ದಕ್ಕೆ ಬಟ್ಟೆಯನ್ನು ತೀರಾ ಬಿಗಿಯಾಗಿ ಕಟ್ಟಿದರೆ ಕೆನ್ನೆಯಲ್ಲಿ ಗೆರೆ ಮೂಡುತ್ತದೆ. ರೆಪ್ಪೆ ಮುಚ್ಚಿ ನಿಲ್ಲದಿದ್ದರೆ ಒದ್ದೆ ಹತ್ತಿ ಇಡಿ. ತಲೆಯನ್ನು ಸ್ವಲ್ಪ ಎತ್ತರದಲ್ಲಿಡಿ, ಇಲ್ಲವಾದರೆ ರಕ್ತ ಇಳಿದು ಮುಖ ಕಪ್ಪಿಡುತ್ತದೆ. ಎತ್ತುವಾಗ ಹೊಟ್ಟೆ ಒತ್ತಬಾರದು, ಒತ್ತಿದರೆ ಬಾಯಿ ಮೂಗಿನಿಂದ ದ್ರವ ಬರುತ್ತದೆ.

ಚಿತ್ರದಲ್ಲಿ ಗಂಡನ ಕೆಲಸ ಏನೆಂದು ತಿಳಿದ ದಿನ ಹೆಂಡತಿ ಮೀಕಾ ಅವನನ್ನು ಮುಟ್ಟಿಸಿಕೊಳ್ಳುವುದಿಲ್ಲ, ಮೈಲಿಗೆ ಅನ್ನುತ್ತಾಳೆ. ಈ ಮಾತು ಜಪಾನಿನದಷ್ಟೇ ಅಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದೂ ಸೂತಕಗಳನ್ನು ಶರಣರು 12ನೇ ಶತಮಾನದಲ್ಲೇ ತಳ್ಳಿಹಾಕಿದ್ದರು. ಆದರೂ ಗುಂಡಿ ತೋಡಿದವರಿಗೆ ಹೊರಗೇ ನಿಲ್ಲಿಸಿ ಕಾಸು ಕೊಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಇದು ತಪ್ಪು, ಮತ್ತು ಮೀಕಾಳ ಮನಸ್ಸು ಬದಲಾಗುವ ರೀತಿ ನೋಡಿದರೆ ತಪ್ಪು ಎಲ್ಲಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೋಡುವ ಮುನ್ನ ಒಂದೆರಡು ಮಾತು. ಅವಧಿ 130 ನಿಮಿಷ. ಊಟದ ಹೊತ್ತಿಗೆ ಹಾಕಬೇಡಿ: ದೈಗೊನ ಮೊದಲ ಕೆಲಸವೇ ಸತ್ತು ಎರಡು ವಾರವಾದ ಮೇಲೆ ಸಿಕ್ಕ ಒಂಟಿ ಮುದುಕಿಯ ಮನೆ. ದೇಹವನ್ನು ಸರಿಯಾಗಿ ತೋರಿಸುವುದಿಲ್ಲ, ಆದರೂ ಹೊಟ್ಟೆ ತೊಳೆಸುತ್ತದೆ. ಕೆಲವರು ಅಲ್ಲೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ದಾಟಿ ಮುಂದೆ ಹೋಗಿ. ಜೋ ಹಿಸೈಶಿಯ ಸಂಗೀತಕ್ಕೆ ಮೊಬೈಲಿನ ಸ್ಪೀಕರ್ ಸಾಲದು, ಹೆಡ್‌ಫೋನ್ ಹಾಕಿಕೊಳ್ಳಿ. ಮನೆಯಲ್ಲಿ ಇತ್ತೀಚೆಗೆ ತಂದೆಯನ್ನು ಕಳೆದುಕೊಂಡವರಿದ್ದರೆ ಕೊನೆಯ ಅರ್ಧ ಗಂಟೆ ತುಂಬ ಭಾರವಾಗುತ್ತದೆ ಎಂದು ಮೊದಲೇ ಹೇಳಿ, ಅವರೊಬ್ಬರೇ ಕೂತು ನೋಡುವುದು ಬೇಡ.