ಕೇರೆಗೆ ಬಾಲ ಅರ್ಥವಾಯಿತು: ಬ್ಯಾಟಲ್‌ಸ್ನೇಕ್ ಬಾಟ್, ಮೂರನೇ ವಾರ

ನಿನ್ನೆ ರಾತ್ರಿ ನನ್ನ ಕೇರೆ ಮೊದಲ ಸಲ 200 ಸರದಿ ದಾಟಿತು. ತುಂಬಾ ಖುಷಿಯಾಗಿದೆ.

ಕೇರೆ ಅಂದರೆ ಬ್ಯಾಟಲ್‌ಸ್ನೇಕ್ ಆಟಕ್ಕಾಗಿ ನಾನು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿರುವ ಹಾವು. ಇಲ್ಲಿ ಕೈಯಿಂದ ಆಡುವ ಹಾಗಿಲ್ಲ, ಪ್ರೋಗ್ರಾಮೇ ಆಡಬೇಕು. 11x11 ಮನೆಗಳ ಬೋರ್ಡ್, ನಾಲ್ಕು ಹಾವು. ಪ್ರತಿ ಸರದಿಗೂ ಇಡೀ ಬೋರ್ಡಿನ ವಿವರ ಜೇಸನ್ (ಪ್ರೋಗ್ರಾಮುಗಳು ಓದುವ ಪಠ್ಯರೂಪ) ಆಗಿ ನಮ್ಮ ಪ್ರೋಗ್ರಾಮ್ ಓಡುವ ಸರ್ವರಿಗೆ ಬರುತ್ತದೆ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಇದರಲ್ಲಿ ಒಂದನ್ನು 500 ಮಿಲಿಸೆಕೆಂಡ್ ಒಳಗೆ ಹೇಳಬೇಕು. ತಡವಾದರೆ ಹಾವು ಹೋಗುತ್ತಿದ್ದ ಕಡೆಗೇ ಹೋಗುತ್ತದೆ, ಎದುರಿಗೆ ಗೋಡೆ ಇದ್ದರೂ ಸರಿ.

ಮೊದಲ ವಾರ ಗೋಡೆಗೆ ಮತ್ತು ತನ್ನ ಮೈಗೆ ಡಿಕ್ಕಿ ಹೊಡೆಯದ ಹಾಗೆ ಮಾಡಿದ್ದೆ. ಎರಡನೇ ವಾರ ಊಟ. ಆರೋಗ್ಯ 100ರಿಂದ ಶುರುವಾಗಿ ಸರದಿಗೆ 1 ಇಳಿಯುತ್ತದೆ, ತಿಂದರೆ ಮತ್ತೆ 100. ಅದಕ್ಕೆ ಹತ್ತಿರದ ಊಟಕ್ಕೆ ಓಡು ಅಂತ ಬರೆದೆ. ಕೇರೆ ಬೇಗ ಉದ್ದವಾಯಿತು, ಅಷ್ಟೇ ಬೇಗ ತನ್ನದೇ ಸುರುಳಿಯೊಳಗೆ ಸಿಕ್ಕಿಕೊಂಡು ಸಾಯತೊಡಗಿತು. ಈ ಆಟದಲ್ಲಿ ಊಟಕ್ಕಿಂತ ಜಾಗ ದೊಡ್ಡದು ಅಂತ ಆಗ ಗೊತ್ತಾಯಿತು.

ಹಾಗಾಗಿ ಈ ವಾರ ಫ್ಲಡ್ ಫಿಲ್. ಪೇಂಟ್‌ನಲ್ಲಿ ಬಕೆಟ್ ಒತ್ತಿದರೆ ಬಣ್ಣ ಹರಡುತ್ತದಲ್ವಾ, ಅದೇ ಕ್ರಮ. ಪ್ರತಿ ದಿಕ್ಕಿಗೂ ಮುಂದೆ ಎಷ್ಟು ಖಾಲಿ ಮನೆ ತಲುಪಬಹುದು ಅಂತ ಎಣಿಸುವುದು. ಮೈ ಉದ್ದಕ್ಕಿಂತ ಕಡಿಮೆ ಇದ್ದರೆ ಆ ಕಡೆ ಹೋಗಬಾರದು. ಒಂದು ಆಟದಲ್ಲಿ ಎಡಕ್ಕೆ ಊಟವಿತ್ತು, ಆದರೆ 7 ಮನೆ ಮಾತ್ರ. ಬಲಕ್ಕೆ 41. ಒಂಬತ್ತು ಮನೆ ಉದ್ದದ ಕೇರೆ ಊಟ ಬಿಟ್ಟು ಬಲಕ್ಕೆ ತಿರುಗಿತು. ಬ್ರೌಸರ್‌ನಲ್ಲಿ ಅದನ್ನು ನೋಡುತ್ತಾ ಎದ್ದು ನಿಂತುಬಿಟ್ಟೆ.

ಆದರೂ ಆಗಾಗ ಕಾರಣವಿಲ್ಲದೆ ಸಾಯುತ್ತಿತ್ತು, ಅದೂ ತನ್ನ ಬಾಲಕ್ಕೇ ಬಡಿದು. ಹಾವು ಮುಂದೆ ಹೋದಾಗ ಬಾಲವೂ ಸರಿಯುತ್ತದೆ, ಹಾಗಾಗಿ ಬಾಲದ ಮನೆ ಖಾಲಿ ಅಂತಲೇ ಎಣಿಸಿದ್ದೆ. ಆಟ ನಡೆಸುವ ಪ್ರೋಗ್ರಾಮ್, ಅಂದರೆ ಎಂಜಿನ್, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತ), ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು. ಸೀಡ್, ಅಂದರೆ ಆಟದ ಲಾಟರಿಯಂಥ ಆಯ್ಕೆಗಳು ಪ್ರತಿ ಸಲ ಒಂದೇ ಥರ ಬರುವ ಹಾಗೆ ಮಾಡುವ ಸಂಖ್ಯೆ, ಕೊಟ್ಟರೆ ಅದೇ ಆಟವನ್ನು ಮತ್ತೆ ಆಡಿಸಬಹುದು. ಎರಡು ಸಂಜೆ ಅದೇ ಆಟವನ್ನು ಓಡಿಸುತ್ತಾ ಮೈಯ ಪ್ರತಿ ತುಂಡು ಯಾವ ಮನೆಯಲ್ಲಿದೆ ಅನ್ನುವ ಪಟ್ಟಿಯನ್ನು ಸರದಿಗೊಂದು ಸಲ ಪ್ರಿಂಟ್ ಮಾಡಿದೆ. ಕೊನೆಗೆ ಕಣ್ಣಿಗೆ ಬಿತ್ತು: ಊಟ ತಿಂದ ಸರದಿಯಲ್ಲಿ ಕೊನೆಯ ಎರಡು ತುಂಡು ಒಂದೇ ಮನೆಯಲ್ಲಿ ಇರುತ್ತವೆ. ಹಾವು ಬೆಳೆಯುವುದೇ ಹಾಗೆ. ಮುಂದಿನ ಸರದಿಗೆ ಒಂದು ತುಂಡು ಸರಿಯುತ್ತದೆ, ಇನ್ನೊಂದು ಅಲ್ಲೇ ಉಳಿಯುತ್ತದೆ. ಬಾಲದ ಮನೆ ಖಾಲಿಯಾಗುವುದೇ ಇಲ್ಲ! ಆಟದ ಶುರುವಿನಲ್ಲೂ ಹಾವಿನ ಮೂರೂ ತುಂಡು ಒಂದರ ಮೇಲೊಂದು ಇರುತ್ತವೆ. ಕೊನೆಯ ಎರಡು ಜಾಗ ಒಂದೇ ಆಗಿದ್ದರೆ ಬಾಲವನ್ನು ಗೋಡೆ ಅಂತ ನೋಡು. ಸೇರಿಸಿದ್ದು ಇದೊಂದೇ ಸಾಲು.

ತಲೆಗೆ ತಲೆ ಬಡಿದರೆ ಉದ್ದದ ಹಾವು ಉಳಿಯುತ್ತದೆ, ಸಮ ಇದ್ದರೆ ಎರಡೂ ಸಾಯುತ್ತವೆ. ಅದಕ್ಕೆ ಕೇರೆಗೆ ಸಮ ಅಥವಾ ಅದಕ್ಕಿಂತ ಉದ್ದ ಇರುವ ಹಾವುಗಳ ತಲೆಯ ಸುತ್ತಲಿನ ಮನೆಗಳಿಗೆ ಸದ್ಯಕ್ಕೆ ಸುಮ್ನೆ ಹೋಗದ ಹಾಗೆ ಮಾಡಿದ್ದೇನೆ. ಊಟಕ್ಕೆ ಹೋಗುವುದು ಆರೋಗ್ಯ 40ಕ್ಕಿಂತ ಕೆಳಗಿಳಿದಾಗ ಮಾತ್ರ.

ನಿನ್ನೆ ಹೊಸ ಕೇರೆಯನ್ನು ಹಳೆಯ ಮೂರು ಕೇರೆಗಳ ಜೊತೆ ಬಿಟ್ಟೆ. ಹಳೆಯವುಗಳಲ್ಲಿ ಎರಡು ಬೇಗ ಸತ್ತವು. ಮೂರನೆಯದು 200ರ ನಂತರವೂ ಇತ್ತು, ಆಮೇಲೆ ತನ್ನ ಬಾಲಕ್ಕೇ ಬಡಿಯಿತು. ಆಗಷ್ಟೇ ಊಟ ತಿಂದಿತ್ತು.