ಶೇಂಗಾ ಹೊಲದಲ್ಲಿ ತಂಗಿಯ ಮದುವೆ

"ಅಣ್ಣ, ನನ್ನ ಮದುವಿ ಹೊಲದಾಗ ಆಗಬೇಕು" ಅಂತ ತಂಗಿ ಫೋನ್ ಮಾಡಿದಾಗ ನಾನು ಬೆಂಗಳೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಐದೇ ನಿಮಿಷದಲ್ಲಿ ಒಂದರ ಹಿಂದೊಂದು ರೀಲ್ಸ್ ಬಂದವು. ಮರದ ಕೆಳಗೆ ಮಂಟಪ, ಕೊಂಬೆಗೆಲ್ಲ ಸಣ್ಣ ದೀಪ, ಹಿಂದೆ ಹಸಿರೋ ಹಸಿರು. ನಮ್ಮದು ಕೊಪ್ಪಳ ಜಿಲ್ಲೆ, ಕುಕನೂರಿನ ಹತ್ತಿರ ಮಳೆ ನಂಬಿದ ಊರು. ಫೆಬ್ರವರಿಯಲ್ಲಿ ನಮ್ಮ ಹೊಲ ಇರುವುದು ಬಿಸ್ಕತ್ತಿನ ಬಣ್ಣದಲ್ಲಿ.

ಅವಳ ಮೊದಲಿನ ಆಸೆ ಇದಕ್ಕಿಂತ ದೊಡ್ಡದಿತ್ತು. ಇಟಗಿಯ ಮಹಾದೇವ ಗುಡಿ ಎದುರು ಮದುವೆಯಾಗಬೇಕಂತೆ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಕಟ್ಟಿಸಿದ ಗುಡಿ, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಫೋಟೋಕ್ಕೆ ಚೆನ್ನಾಗಿರುತ್ತೆ, ನಿಜ. ಆದರೆ ಅದು ಪುರಾತತ್ವ ಇಲಾಖೆ ಕಾಯುವ ಸ್ಮಾರಕ, ಅಲ್ಲಿ ಹಂದರ ಹಾಕಿ ಒಲೆ ಹೂಡುವ ಮಾತೇ ಇಲ್ಲ. ಹಾಗಾಗಿ ಹೊಲಕ್ಕೆ ಇಳಿದಳು.

ಅವ್ವನಿಗೆ ಸಿಟ್ಟು. "ಕಲ್ಯಾಣ ಮಂಟಪಕ್ಕ ರೊಕ್ಕ ಇಲ್ಲದಕ್ಕ ಹೊಲದಾಗ ಮಾಡಾಕತ್ತಾರ ಅಂತಾರ ಬೀಗರು." ಮೂಲೆಯಲ್ಲಿ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದ ನಮ್ಮ ಅಮ್ಮ (ಅಜ್ಜಿಗೆ ನಮ್ಮ ಕಡೆ ಅಮ್ಮ ಅನ್ನುತ್ತೇವೆ) ತಲೆ ಎತ್ತದೆ ಕೇಳಿದಳು: "ನನ್ನ ಲಗ್ನ ಯಾವ ಮಂಟಪದಾಗ ಆಗಿತ್ತವಾ?" ಅಲ್ಲಿಗೆ ಮುಗಿಯಿತು.

ತಿಂಗಳು ಹುಡುಕುವುದು ಕಷ್ಟ ಆಗಲಿಲ್ಲ, ಉಳಿದದ್ದೇ ಒಂದು. ಧನುರ್ಮಾಸದಲ್ಲಿ ಮುಹೂರ್ತ ಇಲ್ಲ. ಅದು ಮುಗಿಯುವುದರೊಳಗೆ ಕೊಪ್ಪಳದ ಗವಿಮಠದ ಜಾತ್ರೆ, ಶಾಮಿಯಾನದವರು ಅಡಿಗೆಯವರು ಯಾರೂ ಕೈಗೆ ಸಿಗುವುದಿಲ್ಲ. ಏಪ್ರಿಲ್ ಮೇ ಬೇಡವೇ ಬೇಡ, ಬಿಸಿಲು 40 ದಾಟುತ್ತದೆ, ಅದು ಸಾಲದು ಅಂತ ಸಂಜೆ ಹೊತ್ತಿಗೆ ಎಲ್ಲಿಂದಲೋ ಗಾಳಿಮಳೆ ಎದ್ದು ತಗಡನ್ನೇ ಹಾರಿಸಿಕೊಂಡು ಹೋಗುತ್ತದೆ, ಇನ್ನು ಬಟ್ಟೆಯ ಪೆಂಡಾಲ್ ಯಾವ ಲೆಕ್ಕ. ಫೆಬ್ರವರಿ ಅಂತ ಆಯಿತು.

ಯಾವ ಹೊಲ ಅನ್ನುವುದಕ್ಕೆ ಮಾತ್ರ ಒಂದು ವಾರ ಜಗಳ. ರಸ್ತೆಗೆ ಹತ್ತಿರ ಇರುವುದು ಎರೆ ಹೊಲ (ಕಪ್ಪು ಮಣ್ಣಿನದು), ಕಡಲೆ ಕಿತ್ತು ಖಾಲಿ ಮಾಡಬಹುದಿತ್ತು. ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿರುಕಿನಲ್ಲಿ ಒಂದು ಕೋಲು ಇಳಿಸಿ ತೋರಿಸಿದರು. ಮೊಳಕ್ಕಿಂತ ಜಾಸ್ತಿ ಒಳಗೆ ಹೋಯಿತು. ಖುರ್ಚಿ ಕಾಲು, ಮುದುಕರ ಕಾಲು, ಹೆಣ್ಣುಮಕ್ಕಳ ಎತ್ತರದ ಚಪ್ಪಲಿ, ಯಾವುದೂ ಅಲ್ಲಿ ಉಳಿಯುವುದಿಲ್ಲ. ಅಕಸ್ಮಾತ್ ನಾಲ್ಕು ಹನಿ ಬಿದ್ದರಂತೂ ಕಾರು ಟ್ರ್ಯಾಕ್ಟರ್ ಎಲ್ಲ ಅಲ್ಲೇ. ಒಳಗಿನ ಮಸಾರಿ (ಕೆಂಪು ಮಣ್ಣಿನ) ಹೊಲವೇ ಸರಿ ಅಂತ ಆಯಿತು. ಶೇಂಗಾ ಕಿತ್ತಾಗಿತ್ತು, ನೆಲ ಗಟ್ಟಿ, ಬದುವಿನಲ್ಲಿ ಮರಗಳೂ ಇದ್ದವು.

ತಂಗಿ ಆರಿಸಿದ್ದು ದೊಡ್ಡ ಹುಣಸೆಮರ. ಹುಣಸೆಮರದ ಕೆಳಗೆ ಮದುವೆಯೇ ಅಂತ ಊರವರು ದೆವ್ವದ ಕತೆ ತೆಗೆದರು, ನಾನು ಅವರ ಜೊತೆ ವಾದಕ್ಕೂ ನಿಂತೆ. ಆಮೇಲೆ ಕಾಕಾ ಮೇಲೆ ಬೆರಳು ಮಾಡಿ ತೋರಿಸಿದರು. ಮೂರು ಹೆಜ್ಜೇನಿನ ಹುಟ್ಟು ನೇತಾಡುತ್ತಿದ್ದವು. ಒಲೆಯ ಹೊಗೆ, ಪಟಾಕಿ, ಬ್ಯಾಂಡ್, ಇಷ್ಟು ಸಾಕು, ಮದುಮಕ್ಕಳ ಸಮೇತ ಎಲ್ಲರೂ ಓಡಬೇಕಿತ್ತು. ದೆವ್ವಕ್ಕಿಂತ ಅದು ಭಯ. ಇನ್ನೂರು ಹೆಜ್ಜೆ ಆಚೆ ಬೇವಿನ ಮರದ ಕಡೆ ಹೋದೆವು, ಪಟಾಕಿ ಪೂರ್ತಿ ಬಂದ್ ಮಾಡಿದೆವು. ಬಯಲಿನಲ್ಲಿ ಮದುವೆ ಮಾಡುವವರು ಬೇರೇನನ್ನು ನೋಡದಿದ್ದರೂ ಮರದ ಮೇಲೆ ಒಮ್ಮೆ ನೋಡಿ.

ಈಗ ನೆಲದ ವಿಷಯ. ಮಸಾರಿ ಗಟ್ಟಿ ಅಂದೆನಲ್ಲ, ಗಟ್ಟಿ ಹೌದು, ಧೂಳು ಅದಕ್ಕಿಂತ ಹೆಚ್ಚು. ಹತ್ತು ಜನ ಓಡಾಡಿದರೆ ಬಿಳಿ ಪಂಚೆ ಕೆಂಪು. ಶಾಮಿಯಾನದವನು ಹಸಿರು ಮ್ಯಾಟ್ ಹಾಸುತ್ತೇನೆ ಅಂದ, ದರ ಕೇಳಿ ನಾನು ಸುಮ್ನೆ ಆದೆ. ಆಗ ಅಮ್ಮ ಹೇಳಿದಳು, "ಕಣ ಮಾಡ್ರಿ." ರಾಶಿ ಮಾಡುವ ಕಣ! ನನಗೆ ಹೆಸರು ಗೊತ್ತು, ಮಾಡಿದ್ದನ್ನು ನೋಡಿದ ನೆನಪೇ ಇಲ್ಲ. ಈಗ ರಾಶಿ ಆಗುವುದು ಮಷಿನ್‌ನಲ್ಲಿ, ಇಲ್ಲಾಂದರೆ ಡಾಂಬರು ರಸ್ತೆ ಮೇಲೆ. ಊರಿನಲ್ಲಿ ಕಣ ಮಾಡಲು ಬರುವವರನ್ನು ಹುಡುಕಿದರೆ ಸಿಕ್ಕವರು ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿತ್ತು. ಅವರು ಬೇವಿನ ನೆರಳಲ್ಲಿ ಕುಳಿತು ಹುಕುಂ ಮಾಡಿದರು, ನಾವು ಮಾಡಿದೆವು. ಕಸ ಬಳಿದು ನೆಲ ಸಮ ಮಾಡುವುದು. ಟ್ಯಾಂಕರಿನಿಂದ ನೀರು ಬಿಡುವುದು. ಒಂದು ರಾತ್ರಿ ಹಾಗೇ ಬಿಟ್ಟು, ಹಸಿ ಪೂರ್ತಿ ಆರುವ ಮೊದಲು ಕಲ್ಲಿನ ರೂಲು (ಉರುಳುಗಲ್ಲು) ಎಳೆಯುವುದು. ಬೇಗ ಎಳೆದರೆ ಮಣ್ಣು ಕಲ್ಲಿಗೇ ಅಂಟುತ್ತದೆ, ತಡ ಮಾಡಿದರೆ ಬಿರಿಯುತ್ತದೆ. ಎತ್ತು ಇಲ್ಲ, ಟ್ರ್ಯಾಕ್ಟರಿಗೆ ಕಟ್ಟಿದೆವು. ಕೊನೆಗೆ ಸಗಣಿ ನೀರು ಬಳಿಯುವುದು, ಅದೂ ಎರಡು ಸಲ. ಇಡೀ ಪೆಂಡಾಲಿಗೆ ಆಗುವಷ್ಟು ಸಗಣಿ ಊರಲ್ಲೇ ಇರಲಿಲ್ಲ, ಅಕ್ಕಿಕಾಳು ಹಾಕುವ ಜಾಗ ಮತ್ತು ಊಟದ ಜಾಗ ಅಷ್ಟೇ ಬಳಿದೆವು. ಒಣಗಿದ ಮೇಲೆ ಬರಿಗಾಲಲ್ಲಿ ನಡೆದು ನೋಡಿದೆ. ಮನೆಯ ಪಡಸಾಲೆ ಇದ್ದ ಹಾಗಿತ್ತು.

ಕರೆಂಟಿನ ಕತೆ ಚಿಕ್ಕದು. ಹೊಲದ ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ಕೊಡುವುದು ದಿನಕ್ಕೆ 7 ತಾಸು, ಆ 7 ತಾಸು ಯಾವಾಗ ಅನ್ನುವುದು ನಮ್ಮ ಮುಹೂರ್ತ ನೋಡಿ ನಿರ್ಧಾರ ಆಗುವುದಿಲ್ಲ. ಜನರೇಟರ್ ತಂದೆವು. ಸ್ಪೀಕರ್ ರಾತ್ರಿ 10ಕ್ಕೆ ಬಂದ್, ಅದು ಕಾನೂನು, ಹೊಲ ಅಂತ ವಿನಾಯಿತಿ ಇಲ್ಲ. ಅರಿಶಿನದ ರಾತ್ರಿ ಆಮೇಲೆ ಹೆಂಗಸರೇ ಹಾಡಿದರು, ಸ್ಪೀಕರಿಗಿಂತ ಚೆನ್ನಾಗಿತ್ತು.

ರೊಟ್ಟಿ ನನಗೆ ಚಿಂತೆ ಆಗಿತ್ತು, 900 ಜನಕ್ಕೆ ಕನಿಷ್ಠ ಎರಡು ಸಾವಿರ ಬೇಕು. ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಹೋಗುವುದನ್ನು ನೋಡಿದ ಅವ್ವನಿಗೆ ಏನೂ ಅನ್ನಿಸಲಿಲ್ಲ. ಮೂವತ್ತು ಮನೆಗೆ ನಾಲ್ಕು ನಾಲ್ಕು ಕಿಲೋ ಜೋಳದ ಹಿಟ್ಟು ಕೊಟ್ಟು ಬಂದಳು, ವಾರದೊಳಗೆ ಕಟಕ್ ಅನ್ನುವ ರೊಟ್ಟಿಯ ಗಂಟುಗಳು ಮನೆಗೆ ಬಂದು ಬಿದ್ದವು. ಅವುಗಳ ಜೊತೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ. ಬೆಳಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಹೊಟ್ಟೆಯ ವಿಷಯದಲ್ಲಿ ಬೀಗರೂ ಬಾಯಿ ಬಿಡಲಿಲ್ಲ.

ತಪ್ಪೂ ಆಯಿತು. ಅಡಿಗೆ ಮಾಡುವ ಜಾಗ ಅಗ್ನಿ ಮೂಲೆಯಲ್ಲೇ, ಅಂದರೆ ಆಗ್ನೇಯದಲ್ಲೇ ಇರಬೇಕು ಅಂತ ಸೋದರಮಾವ ಹಟ ಹಿಡಿದರು, ಯಾರೂ ಎದುರು ಮಾತಾಡಲಿಲ್ಲ. ಆ ದಿನಗಳಲ್ಲಿ ನಮ್ಮಲ್ಲಿ ಬೀಸುವುದು ಮೂಡಗಾಳಿ. ಸೌದೆಯ ಹೊಗೆ ಸೀದಾ ಪೆಂಡಾಲಿಗೆ. ತಾಳಿ ಕಟ್ಟುವ ಹೊತ್ತಿಗೆ ತಂಗಿ ಕಣ್ಣಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು, ಬೀಗರ ಕಡೆಯ ಅಜ್ಜಿಯೊಬ್ಬರು ತವರಿನ ಮೇಲೆ ಎಷ್ಟು ಪ್ರೀತಿ ನೋಡು ಅಂತ ತಾವೂ ಅತ್ತರು. ನಾವು ತಿದ್ದಲಿಲ್ಲ.

ಇನ್ನೊಂದು, ಬಳ್ಳಾರಿ ಜಾಲಿ. ಹೊಲದ ದಾರಿ ಅಗಲ ಮಾಡಲು ಜೆಸಿಬಿ ತಂದು ಎರಡೂ ಕಡೆಯ ಜಾಲಿ ಕಿತ್ತೆಸೆದು, ದಾರಿ ಏನು ಚಂದ ಆಯಿತು ಅಂತ ಹಿಗ್ಗಿದ್ದೆ. ಮುಳ್ಳು ಆರಿಸುವ ಕೆಲಸ ಯಾರಿಗೂ ಹೊಳೆಯಲಿಲ್ಲ. ಮದುವೆ ದಿನ ಹನ್ನೊಂದು ಬೈಕು, ಎರಡು ಕಾರು ಪಂಕ್ಚರ್. ಎರಡನೇ ಕಾರು ಮದುಮಗನದ್ದು. ಪಂಕ್ಚರ್ ಹಾಕುವ ಹುಡುಗ ಊಟಕ್ಕೆ ಅಂತ ಬಂದವನು ಸಂಜೆವರೆಗೆ ದುಡಿದ, ದುಡ್ಡು ಅಪ್ಪ ಕೊಟ್ಟರು.

ಶೌಚಾಲಯಕ್ಕೆ ಗುಂಡಿ ತೋಡಿಸಿ ತಗಡು ಮರೆ ಮಾಡಿ ನಾಲ್ಕು ಮಾಡಿದ್ದೆವು. ಎಂಟು ಬೇಕಿತ್ತು, ಹೆಣ್ಣುಮಕ್ಕಳಿಗೆ ತೊಂದರೆ ಆಯಿತು, ಇದರಲ್ಲಿ ನಗುವಂಥದ್ದೇನಿಲ್ಲ.

ದುಡ್ಡು ಉಳಿಯುತ್ತೆ ಅಂತ ಯಾರೂ ಇದಕ್ಕೆ ಕೈ ಹಾಕಬೇಡಿ. ಮಂಟಪದ ಬಾಡಿಗೆ ಉಳಿಯಿತು, ಟ್ಯಾಂಕರ್, ಜನರೇಟರ್, ಜೆಸಿಬಿ, ಪೆಂಡಾಲ್ ಸೇರಿ ಅಷ್ಟೇ ಹೋಯಿತು, ಸ್ವಲ್ಪ ಜಾಸ್ತಿಯೇ ಇರಬೇಕು. ಅಪ್ಪ ಲೆಕ್ಕದ ಪುಸ್ತಕ ನನಗೆ ತೋರಿಸಿಲ್ಲ.

ಮದುವೆ ಮರುದಿನ ಬೆಳಗ್ಗೆ ಶಾಮಿಯಾನದವರು ಗಳ ಕೀಳುತ್ತಿದ್ದರು. ನಾನು ಬಾಳೆಕಂಬ ಹೊರುತ್ತಿದ್ದೆ. ಪಕ್ಕದ ಹೊಲದ ಕಾಕಾ ಬಂದು ಸಗಣಿ ಬಳಿದ ನೆಲದ ಮೇಲೆ ಚಪ್ಪಲಿ ಬಿಟ್ಟು ಒಂದು ಸುತ್ತು ಹಾಕಿದರು, ಹಿಮ್ಮಡಿಯಿಂದ ಎರಡು ಸಲ ತುಳಿದು ನೋಡಿದರು.

"ಇದನ್ನ ಕೆಡಸಬ್ಯಾಡ್ರಪಾ. ಎಂಟ ದಿನ ಹಂಗ ಇರಲಿ, ನಂದೊಂದು ನಾಕ ಚೀಲ ಕಡ್ಲಿ ಐತಿ."